ಕೂಫಾದಿಂದ ಬಂದ ದೂರು: ಅಭಿಪ್ರಾಯಕ್ಕೂ ಮಾನಹಾನಿಗೂ ನಡುವಿನ ಗೆರೆ

ಎರಡು ತಿಂಗಳ ಹಿಂದೆ ಜುಮಾ ನಮಾಝ್ ಮುಗಿದ ಮೇಲೆ ನಮ್ಮ ಜಮಾಅತಿನ ಯುವಕನೊಬ್ಬ ಮಸೀದಿಯಲ್ಲೇ ಉಳಿದುಕೊಂಡ. ಅವನು ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ವರ್ಷದ ಕೊನೆಗೆ ತನ್ನ ಕೈಕೆಳಗಿನ ಹದಿನೆಂಟು ಮಂದಿಯ ಕೆಲಸದ ಬಗ್ಗೆ ವರದಿ ಬರೆದು ಮೇಲಿನವರಿಗೆ ಕೊಡಬೇಕು. ಆ ವರದಿಯ ಮೇಲೆ ಸಂಬಳ ಏರುತ್ತದೆ, ಕೆಲವರ ಕೆಲಸವೂ ಹೋಗುತ್ತದೆ. ಅವನು ಕೇಳಿದ: “ಉಸ್ತಾದರೇ, ಒಬ್ಬ ಹೆಣ್ಣುಮಗಳು ವಾರದಲ್ಲಿ ಮೂರು ದಿನ ತಡವಾಗಿ ಬರುತ್ತಾಳೆ. ಬರೆದರೆ ಗೀಬತ್ ಆಗುತ್ತದೆ. ಬರೆಯದಿದ್ದರೆ ಸುಳ್ಳಾಗುತ್ತದೆ. ನಾನು ಏನು ಮಾಡಲಿ?”

ಆಗ ನಾನು ಕೊಟ್ಟ ಉತ್ತರ ಚಿಕ್ಕದಾಗಿತ್ತು. ಅದು ಅವನಿಗೆ ಸಾಕಾಗಲಿಲ್ಲ ಎಂದು ಅವನ ಮುಖ ನೋಡಿಯೇ ತಿಳಿಯಿತು. ಮರು ಜುಮಾದ ಖುತ್ಬಾದಲ್ಲಿ ಅದೇ ವಿಷಯವನ್ನು ಎತ್ತಿಕೊಂಡೆ. ಮಿಂಬರಿನ ಮೇಲೆ ಸಮಯ ಸಿಗದೆ ಬಿಟ್ಟಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆ ಹೊಸದಲ್ಲ. ಇನ್ನೊಬ್ಬನ ಕೆಲಸವನ್ನು, ಪ್ರಾಮಾಣಿಕತೆಯನ್ನು ತೂಗಿ ಹೇಳಬೇಕಾದ ಹೊಣೆ ನಮ್ಮ ಹಿರಿಯರ ಮೇಲೆ ಹದಿನಾಲ್ಕು ಶತಮಾನಗಳ ಹಿಂದೆಯೇ ಬಿದ್ದಿತ್ತು. ಅವರು ಆ ಹೊಣೆಯನ್ನು ಹೇಗೆ ಹೊತ್ತರು ಎಂಬ ಚರಿತ್ರೆ ನಮ್ಮ ಕಾರ್ಖಾನೆ, ಕಚೇರಿ, ಶಾಲೆ, ಅಂಗಡಿಗಳಿಗೆಲ್ಲ ಬೇಕಾದದ್ದು.

ಖಲೀಫರ ಮುಂದೆ ಒಂದು ದೂರು

ಕೂಫಾ ಪಟ್ಟಣವನ್ನು ಕಟ್ಟಿದವರು ಸಅದ್ ಬಿನ್ ಅಬೀ ವಕ್ಕಾಸ್(ರ). ಹಿಜರಿ 17ರಲ್ಲಿ, ಅಂದರೆ ಕ್ರಿ.ಶ. 638ರಲ್ಲಿ, ಖಲೀಫ ಉಮರ್(ರ)ರ ಅಪ್ಪಣೆಯಂತೆ ಇರಾಕಿನಲ್ಲಿ ಆ ಪಟ್ಟಣ ಎದ್ದಿತು. ಸಅದ್‌ರು ಖಾದಿಸಿಯಾ ಯುದ್ಧದ ಸೇನಾನಿ. ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿ ಸಹಾಬಿಗಳಲ್ಲಿ ಒಬ್ಬರು. ಅಲ್ಲಾಹನ ಮಾರ್ಗದಲ್ಲಿ ಮೊದಲ ಬಾಣ ಬಿಟ್ಟವರೆಂಬ ಹಿರಿಮೆಯೂ ಅವರದೇ. ಅಂಥವರು ಕೂಫಾದ ಗವರ್ನರ್ ಆಗಿದ್ದಾಗ ಆ ಊರಿನ ಕೆಲವರು ಮದೀನಕ್ಕೆ ದೂರು ಕೊಂಡೊಯ್ದರು. ಹಲವು ದೂರುಗಳು. ಕೊನೆಗೆ, ಅವರಿಗೆ ನಮಾಝನ್ನೂ ಸರಿಯಾಗಿ ಮಾಡಿಸಲು ಬರುವುದಿಲ್ಲ ಎಂಬಲ್ಲಿಯವರೆಗೆ ಹೋಯಿತು ಆ ದೂರು. ಜಾಬಿರ್ ಬಿನ್ ಸಮುರಾ(ರ) ವರದಿ ಮಾಡಿದ ಈ ಘಟನೆ ಸಹೀಹುಲ್ ಬುಖಾರಿಯಲ್ಲಿದೆ.

ಉಮರ್(ರ) ಏನು ಮಾಡಿದರೆಂಬುದನ್ನು ಗಮನವಿಟ್ಟು ನೋಡಬೇಕು. ದೂರು ಕೇಳಿದ ಕೂಡಲೇ ಅದನ್ನು ನಂಬಲಿಲ್ಲ. ಇಂತಹ ದೊಡ್ಡ ಸಹಾಬಿಯ ಬಗ್ಗೆ ದೂರೇ ಎಂದು ತಳ್ಳಿಯೂ ಹಾಕಲಿಲ್ಲ. ಮೊದಲು ಸಅದ್‌ರನ್ನೇ ಕರೆಸಿದರು. ಅಬೂ ಇಸ್‌ಹಾಕ್ ಎಂದು ಗೌರವದಿಂದ ಕರೆದು, ನಿಮ್ಮ ಬಗ್ಗೆ ಜನ ಹೀಗೆ ಹೇಳುತ್ತಿದ್ದಾರೆ ಎಂದು ದೂರನ್ನು ಅವರ ಮುಖದೆದುರೇ ಇಟ್ಟರು. ಸಅದ್‌ರು ತಮ್ಮ ನಮಾಝಿನ ಕ್ರಮವನ್ನು ವಿವರಿಸಿದರು. ಪ್ರವಾದಿ(ಸ)ರು ಕಲಿಸಿದ ರೀತಿಯಲ್ಲೇ ಮಾಡಿಸುತ್ತೇನೆ, ಇಶಾದ ಮೊದಲ ಎರಡು ರಕಅತ್ ದೀರ್ಘವಾಗಿಸಿ ಕೊನೆಯ ಎರಡನ್ನು ಹಗುರ ಮಾಡುತ್ತೇನೆ ಎಂದರು. ನಿಮ್ಮ ಬಗ್ಗೆ ನನ್ನ ಭಾವನೆಯೂ ಅದೇ ಆಗಿತ್ತು ಎಂದು ಉಮರ್(ರ) ಹೇಳಿದರು.

ಆದರೆ ಅಷ್ಟಕ್ಕೆ ನಿಲ್ಲಿಸಲಿಲ್ಲ. ವಿಚಾರಣೆಗೆ ಕೂಫಾಕ್ಕೆ ಜನರನ್ನು ಕಳುಹಿಸಿದರು. ಅವರು ಒಂದೊಂದು ಮಸೀದಿಗೂ ಹೋಗಿ ಸಅದ್‌ರ ಬಗ್ಗೆ ಕೇಳಿದರು. ಗುಟ್ಟಾಗಿ ಕೇಳಲಿಲ್ಲ, ಎಲ್ಲರೆದುರೇ ಕೇಳಿದರು. ಪ್ರತಿಯೊಂದು ಮಸೀದಿಯಲ್ಲೂ ಜನ ಒಳ್ಳೆಯದನ್ನೇ ಹೇಳಿದರು. ಬನೂ ಅಬ್ಸ್ ಗೋತ್ರದ ಮಸೀದಿಗೆ ಬಂದಾಗ ಮಾತ್ರ ಉಸಾಮ ಬಿನ್ ಕತಾದಾ ಎಂಬವನು ಎದ್ದು ನಿಂತು ಮೂರು ಮಾತು ಹೇಳಿದ. ಸಅದ್‌ರು ಸೈನ್ಯದ ತುಕಡಿಯ ಜೊತೆ ಹೊರಡುವುದಿಲ್ಲ. ಸೊತ್ತನ್ನು ಸಮನಾಗಿ ಹಂಚುವುದಿಲ್ಲ. ತೀರ್ಪಿನಲ್ಲಿ ನ್ಯಾಯ ಪಾಲಿಸುವುದಿಲ್ಲ.

ಸಅದ್‌ರು ಅಲ್ಲೇ ಇದ್ದರು. ಅವರು ಅಧಿಕಾರ ಬಳಸಿ ಅವನ ಬಾಯಿ ಮುಚ್ಚಿಸಲಿಲ್ಲ. ಅಲ್ಲಾಹನಲ್ಲಿ ಒಂದು ಪ್ರಾರ್ಥನೆ ಮಾಡಿದರು. ಅದರಲ್ಲಿ ಒಂದು ಷರತ್ತಿತ್ತು. ಇವನು ಸುಳ್ಳು ಹೇಳುತ್ತಿದ್ದರೆ, ಜನರಿಗೆ ಕಾಣಿಸಿಕೊಳ್ಳಲು, ಹೆಸರು ಮಾಡಲು ಎದ್ದು ನಿಂತಿದ್ದರೆ, ಇವನ ಆಯುಸ್ಸನ್ನೂ ಬಡತನವನ್ನೂ ದೀರ್ಘವಾಗಿಸು, ಇವನನ್ನು ಫಿತ್ನಗಳಿಗೆ ಒಡ್ಡು ಎಂದು ಬೇಡಿದರು. ಆ ಮನುಷ್ಯ ಹಣ್ಣು ಹಣ್ಣು ಮುದುಕನಾಗಿ, ಹುಬ್ಬು ಕಣ್ಣಿನ ಮೇಲೆ ಜೋತುಬಿದ್ದ ಮೇಲೂ ಬೀದಿಯಲ್ಲಿ ಹುಡುಗಿಯರನ್ನು ಕೆಣಕುತ್ತಾ ತಿರುಗುತ್ತಿದ್ದುದನ್ನು ಕಂಡವರಿದ್ದಾರೆ. ಯಾರಾದರೂ ಕೇಳಿದರೆ ಸಅದ್‌ರ ಪ್ರಾರ್ಥನೆ ನನಗೆ ತಗುಲಿತು ಎನ್ನುತ್ತಿದ್ದನಂತೆ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುತ್ತೇವೆ. ಪೀಡಿತನ ಪ್ರಾರ್ಥನೆಗೆ ಹೆದರಿ ಎಂಬ ಪಾಠ ಹೇಳುತ್ತೇವೆ. ಅದು ನಿಜವೇ. ಆದರೆ ಕಥೆಗೆ ಇನ್ನೆರಡು ಭಾಗಗಳಿವೆ.

ಮೊದಲನೆಯದು, ಉಮರ್(ರ) ಸಅದ್‌ರನ್ನು ಆ ಹುದ್ದೆಯಿಂದ ತೆಗೆದು ಅಮ್ಮಾರ್ ಬಿನ್ ಯಾಸಿರ್(ರ)ರನ್ನು ನೇಮಿಸಿದರು. ದೂರು ಸಾಬೀತಾಗದಿದ್ದರೂ ಊರಿನ ನೆಮ್ಮದಿಗಾಗಿ ಅಧಿಕಾರಿಯನ್ನು ಬದಲಿಸಬಹುದು ಎಂಬುದಕ್ಕೆ ವಿದ್ವಾಂಸರು ಇದನ್ನು ಆಧಾರವಾಗಿ ತೋರಿಸಿದ್ದಾರೆ. ಎರಡನೆಯದು, ಹಿಜರಿ 23ರಲ್ಲಿ, ಕ್ರಿ.ಶ. 644ರಲ್ಲಿ, ಉಮರ್(ರ) ಇರಿತಕ್ಕೊಳಗಾಗಿ ಮರಣಶಯ್ಯೆಯಲ್ಲಿದ್ದಾಗ ಮುಂದಿನ ಖಲೀಫರನ್ನು ಆರಿಸಲು ಆರು ಮಂದಿಯ ಹೆಸರು ಹೇಳಿದರು. ಅದರಲ್ಲಿ ಸಅದ್‌ರ ಹೆಸರೂ ಇತ್ತು. ಖಿಲಾಫತ್ ಸಅದ್‌ರಿಗೆ ಸಿಕ್ಕಿದರೆ ಆಗಲಿ, ಸಿಗದಿದ್ದರೆ ಖಲೀಫರಾಗುವವರು ಅವರ ಸಹಾಯ ಪಡೆಯಲಿ, ನಾನು ಅವರನ್ನು ತೆಗೆದದ್ದು ಅಸಾಮರ್ಥ್ಯಕ್ಕಾಗಲೀ ವಂಚನೆಗಾಗಲೀ ಅಲ್ಲ ಎಂದು ಎಲ್ಲರೂ ಕೇಳುವಂತೆ ಹೇಳಿದರು.

ಸಹೋದರರೇ, ಆ ನೋವಿನಲ್ಲೂ ಅವರಿಗೆ ಅದು ನೆನಪಿತ್ತು. ಒಬ್ಬನನ್ನು ಹುದ್ದೆಯಿಂದ ತೆಗೆದರೆ ಜನ ತಾವೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ. ಕದ್ದಿರಬೇಕು ಎನ್ನುತ್ತಾರೆ, ಕೈಲಾಗದವನಿರಬೇಕು ಎನ್ನುತ್ತಾರೆ. ಆ ಊಹೆಗೆ ಬಾಯಿ ಇಲ್ಲದಂತೆ ಮಾಡುವ ಹೊಣೆ ತೆಗೆದವನದು ಎಂದು ಉಮರ್(ರ) ತಿಳಿದಿದ್ದರು. ಇಂದು ಕೆಲಸ ಬಿಡಿಸಿ ಕಳುಹಿಸುವಾಗ ಕೊಡುವ ಸರ್ಟಿಫಿಕೇಟ್ ಬರೆಯುವವರು ಇದನ್ನು ಒಮ್ಮೆ ಓದಿಕೊಳ್ಳಬೇಕು.

ವಿಷಯ ಯಾವುದು, ಅಭಿಪ್ರಾಯ ಯಾವುದು?

ಕೂಫಾದ ಮನುಷ್ಯ ಹೇಳಿದ ಮೂರು ಮಾತನ್ನು ಬಿಡಿಸಿ ನೋಡಿ. ಸೈನ್ಯದ ಜೊತೆ ಹೋಗುವುದಿಲ್ಲ ಎಂಬುದು ನಡೆದದ್ದೋ ಇಲ್ಲವೋ ಎಂದು ಪರೀಕ್ಷಿಸಬಹುದಾದ ವಿಷಯ. ಎಷ್ಟು ಸಲ ಹೋದರು, ಯಾವಾಗ ಹೋಗಲಿಲ್ಲ ಎಂದು ಕೇಳಬಹುದು. ಸಮನಾಗಿ ಹಂಚುವುದಿಲ್ಲ ಎಂಬುದೂ ಲೆಕ್ಕ ನೋಡಿ ತೀರ್ಮಾನಿಸಬಹುದಾದದ್ದು. ನ್ಯಾಯ ಪಾಲಿಸುವುದಿಲ್ಲ ಎಂಬುದು ಹಾಗಲ್ಲ, ಅದು ಒಂದು ತೀರ್ಮಾನ. ಯಾವ ತೀರ್ಪು, ಯಾರಿಗೆ ಅನ್ಯಾಯವಾಯಿತು ಎಂದು ಹೇಳದ ಹೊರತು ಅದರಿಂದ ತಿಳಿಯುವುದು ಹೇಳಿದವನ ಮನಸ್ಸು ಮಾತ್ರ. ನಮಾಝ್ ಸರಿಯಾಗಿ ಮಾಡಿಸುವುದಿಲ್ಲ ಎಂಬ ಮೊದಲ ದೂರೂ ಇಂಥದ್ದೇ. ಸಅದ್‌ರು ಅದಕ್ಕೆ ನಾನು ಚೆನ್ನಾಗಿಯೇ ಮಾಡಿಸುತ್ತೇನೆ ಎಂದು ಇನ್ನೊಂದು ಅಭಿಪ್ರಾಯದಿಂದ ಉತ್ತರಿಸಲಿಲ್ಲ. ಯಾವ ರಕಅತ್ ಎಷ್ಟು ಉದ್ದ ಎಂದು ವಿವರ ಕೊಟ್ಟರು. ವಿವರ ಬಂದಾಗ ದೂರು ಬಿದ್ದುಹೋಯಿತು.

ನಮ್ಮ ಯುವಕನ ಪ್ರಶ್ನೆಯನ್ನು ಇಲ್ಲಿಟ್ಟು ನೋಡೋಣ. ಕಳೆದ ಮೂರು ತಿಂಗಳಲ್ಲಿ ಇಷ್ಟು ದಿನ ಇಷ್ಟು ನಿಮಿಷ ತಡವಾಗಿ ಬಂದಿದ್ದಾಳೆ ಎಂದು ಹಾಜರಿ ಪುಸ್ತಕ ನೋಡಿ ಬರೆದರೆ ಅದು ವಿಷಯ. ಕೆಲಸದಲ್ಲಿ ಶ್ರದ್ಧೆ ಸಾಲದೆಂದು ನನಗನಿಸುತ್ತದೆ ಎಂದರೆ ಅದು ಅಭಿಪ್ರಾಯ. ಆಧಾರವನ್ನೂ ಜೊತೆಗಿಟ್ಟರೆ ಓದುವವನು ಅದನ್ನು ತೂಗಿ ನೋಡಬಹುದು. ಅವಳು ಸೋಮಾರಿ, ಅವಳನ್ನು ನಂಬುವ ಹಾಗಿಲ್ಲ ಎಂದು ಬರೆದರೆ ಅದು ಅವಳ ಇಡೀ ವ್ಯಕ್ತಿತ್ವಕ್ಕೆ ಹಾಕಿದ ಮುದ್ರೆ. ಮಾನಹಾನಿ ಶುರುವಾಗುವುದು ಇಂಥ ಮಾತಿನಿಂದ.

ನಿಜವಾದರೂ ಸಾಲದು

ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ನಾನು ಇದ್ದದ್ದನ್ನೇ ಹೇಳಿದೆ, ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಪ್ರವಾದಿ(ಸ)ರು ಈ ಬಾಗಿಲನ್ನು ಮುಚ್ಚಿದ್ದಾರೆ. ನಿನ್ನ ಸಹೋದರನಿಗೆ ಇಷ್ಟವಿಲ್ಲದ್ದನ್ನು ಅವನ ಹಿಂದಿನಿಂದ ಹೇಳುವುದೇ ಗೀಬತ್ ಎಂದರು. ಅದು ಅವನಲ್ಲಿ ಇದ್ದರೆ ಎಂದು ಕೇಳಿದ್ದಕ್ಕೆ, ಇದ್ದರೆ ಗೀಬತ್, ಇಲ್ಲದಿದ್ದರೆ ಬುಹ್ತಾನ್ ಅಂದರೆ ಮಿಥ್ಯಾರೋಪ ಎಂದು ವಿವರಿಸಿದರು. ಗೀಬತ್ ಎಂಬುದು ನಿಜದಿಂದಲೇ ಆಗುವ ಪಾಪ. ಕುರ್‌ಆನ್ ಅದನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿರುವುದು ಸೂರಃ ಅಲ್ ಹುಜುರಾತ್‌ನ 12ನೇ ಆಯತ್‌ನಲ್ಲಿದೆ. ಅದೇ ಸೂರಃದ 6ನೇ ಆಯತ್, ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ಯಾರಿಗೂ ಹಾನಿ ಮಾಡಬೇಡಿ ಎಂದು ಎಚ್ಚರಿಸುತ್ತದೆ.

ಹಾಗಾದರೆ ಯಾರ ಬಗ್ಗೆಯೂ ಏನೂ ಹೇಳಬಾರದೇ? ಅದಕ್ಕೂ ಪ್ರವಾದಿ(ಸ)ರ ಜೀವನದಲ್ಲೇ ಉತ್ತರವಿದೆ. ಫಾತಿಮ ಬಿನ್ತ್ ಕೈಸ್(ರ)ರಿಗೆ ಮುಆವಿಯ(ರ) ಮತ್ತು ಅಬೂ ಜಹ್ಮ್(ರ) ಇಬ್ಬರಿಂದಲೂ ಮದುವೆ ಪ್ರಸ್ತಾಪ ಬಂತು. ಅವರು ಪ್ರವಾದಿ(ಸ)ರ ಸಲಹೆ ಕೇಳಿದರು. ಅಬೂ ಜಹ್ಮ್ ಹೆಗಲಿನಿಂದ ಕೋಲು ಇಳಿಸದವರು, ಮುಆವಿಯ ಕೈಯಲ್ಲಿ ಹಣವಿಲ್ಲದವರು, ನೀನು ಉಸಾಮ ಬಿನ್ ಝೈದ್‌ರನ್ನು ಮದುವೆಯಾಗು ಎಂಬ ಅರ್ಥದ ಸಲಹೆ ಕೊಟ್ಟರು. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಈ ಸಲಹೆಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ನೋಡಿ. ಕೇಳುವ ಹಕ್ಕಿದ್ದವರು ಕೇಳಿದ ಮೇಲೆ ಹೇಳಿದರು. ಕೇಳಿದ ವಿಷಯಕ್ಕೆ ಬೇಕಾದಷ್ಟೇ ಹೇಳಿದರು. ಸಂಸಾರ ನಡೆಸಲು ಸ್ವಭಾವವೂ ಸಂಪಾದನೆಯೂ ಬೇಕು, ಅದನ್ನು ಬಿಟ್ಟು ಇಬ್ಬರ ಬೇರೆ ಯಾವ ಕೊರತೆಯನ್ನೂ ಮುಟ್ಟಲಿಲ್ಲ. ಆ ದಿನದ ಸ್ಥಿತಿಯನ್ನು ಹೇಳಿದರೇ ಹೊರತು ಮುಂದಿನ ಭವಿಷ್ಯ ಹೇಳಲಿಲ್ಲ. ಅಂದು ಕೈಯಲ್ಲಿ ಹಣವಿಲ್ಲದಿದ್ದ ಮುಆವಿಯ(ರ) ಮುಂದೆ ಶಾಮ್‌ನ ಗವರ್ನರ್ ಆದರು, ಖಲೀಫರೂ ಆದರು. ಒಬ್ಬನ ಒಂದು ವರ್ಷದ ವರದಿಯನ್ನು ಅವನ ಹಣೆಬರಹ ಎಂದುಕೊಳ್ಳುವವರಿಗೆ ಇದರಲ್ಲಿ ಪಾಠವಿದೆ.

ಹಿಜರಿ 676ರಲ್ಲಿ (ಕ್ರಿ.ಶ. 1277) ನಿಧನರಾದ ಇಮಾಮ್ ನವವಿ(ರಹ್)ಯವರು ರಿಯಾದುಸ್ಸಾಲಿಹೀನ್‌ನಲ್ಲಿ, ಇನ್ನೊಬ್ಬನ ಕೊರತೆಯನ್ನು ಹೇಳಲು ಅನುಮತಿ ಇರುವ ಆರು ಸಂದರ್ಭಗಳನ್ನು ಎಣಿಸಿದ್ದಾರೆ. ಅನ್ಯಾಯದ ವಿರುದ್ಧ ದೂರು, ಕೆಡುಕು ತಡೆಯಲು ಸಹಾಯ ಕೇಳುವುದು, ಫತ್ವಾ ಕೇಳುವುದು, ಜನರನ್ನು ಹಾನಿಯಿಂದ ಎಚ್ಚರಿಸುವುದು, ಬಹಿರಂಗವಾಗಿ ಪಾಪ ಮಾಡುವವನ ಆ ಪಾಪವನ್ನು ಹೇಳುವುದು, ಗುರುತಿಗಾಗಿ ಮಾತ್ರ ಅಡ್ಡಹೆಸರು ಬಳಸುವುದು. ನಾಲ್ಕನೆಯದರ ಕೆಳಗೆ ಅವರು ಕೆಲಸದ ಮಾತನ್ನೇ ಎತ್ತಿದ್ದಾರೆ. ಒಬ್ಬನಿಗೆ ಒಂದು ಹುದ್ದೆ ಇದ್ದು ಅವನು ಅದನ್ನು ಸರಿಯಾಗಿ ನಿರ್ವಹಿಸದಿದ್ದರೆ ಅವನ ಮೇಲಿನ ಅಧಿಕಾರಿಗೆ ತಿಳಿಸಬೇಕು, ಆ ಅಧಿಕಾರಿ ಅವನನ್ನು ತಿದ್ದಲಿ ಅಥವಾ ಬದಲಿಸಲಿ ಎನ್ನುತ್ತಾರೆ. ಕೂಡಲೇ ಇನ್ನೊಂದು ಎಚ್ಚರಿಕೆ ಕೊಡುತ್ತಾರೆ. ಹೇಳುವವನೊಳಗೆ ಮತ್ಸರವಿದ್ದು, ಅದು ಹಿತವಚನವೆಂದು ಶೈತಾನನು ಅವನನ್ನು ನಂಬಿಸಬಹುದು ಎಂದು. ಸಲಹೆ ಕೇಳಿ ಬಂದವನಿಗೆ ಈ ಸಂಬಂಧ ನಿನಗೆ ಸರಿಹೋಗದು ಎಂಬಷ್ಟರಿಂದಲೇ ಕೆಲಸ ಆಗುವುದಾದರೆ ಕೊರತೆಗಳನ್ನು ಬಿಡಿಸಿ ಹೇಳಬಾರದು ಎಂಬುದೂ ಅವರದೇ ಮಾತು.

ಮನುಷ್ಯರನ್ನು ತೂಗಿದ ಶಾಸ್ತ್ರ

ಈ ಗೆರೆಯ ಮೇಲೆ ಅತಿ ಹೆಚ್ಚು ನಡೆದವರು ಹದೀಸ್ ವಿದ್ವಾಂಸರು. ಹದೀಸ್ ವರದಿ ಮಾಡುವವನು ನಂಬಿಕೆಗೆ ಅರ್ಹನೇ, ಅವನ ನೆನಪು ಗಟ್ಟಿಯೇ ಎಂದು ಪರೀಕ್ಷಿಸುವ ಶಾಸ್ತ್ರಕ್ಕೆ ಜರ್ಹ್ ವ ತಅದೀಲ್ ಎನ್ನುತ್ತಾರೆ. ಕೊರತೆ ತೋರಿಸುವುದು ಜರ್ಹ್, ಅರ್ಹನೆಂದು ದೃಢಪಡಿಸುವುದು ತಅದೀಲ್. ಸಾವಿರಾರು ಸ್ತ್ರೀಪುರುಷರ ಬಗ್ಗೆ ಹೀಗೆ ಬರೆದಿಟ್ಟ ಗ್ರಂಥಗಳಿವೆ. ಅವುಗಳಲ್ಲಿ ಇಬ್ನ್ ಅಬೀ ಹಾತಿಮ್ (ನಿಧನ ಹಿಜರಿ 327, ಕ್ರಿ.ಶ. 938) ಬರೆದ ಕಿತಾಬುಲ್ ಜರ್ಹ್ ವತ್ತಅದೀಲ್ ಮುಖ್ಯವಾದದ್ದು. ಅದನ್ನು ಅಚ್ಚು ಹಾಕಿ ಜಗತ್ತಿಗೆ ಕೊಟ್ಟದ್ದು ನಮ್ಮ ನೆರೆಯ ಹೈದರಾಬಾದಿನ ದಾಇರತುಲ್ ಮಆರಿಫ್ ಸಂಸ್ಥೆ. 1888ರಲ್ಲಿ ಆರಂಭವಾದ ಆ ಸಂಸ್ಥೆ ನಿಜಾಮರ ಆಶ್ರಯದಲ್ಲಿ ಬೆಳೆಯಿತು. ನಮ್ಮ ಕಲಬುರಗಿ, ಬೀದರ್, ರಾಯಚೂರುಗಳೂ ಆಗ ಅದೇ ಸಂಸ್ಥಾನದಲ್ಲಿದ್ದವು.

ಈ ಕೆಲಸ ಗೀಬತ್ ಅಲ್ಲವೇ ಎಂಬ ಪ್ರಶ್ನೆ ಅಂದೂ ಬಂತು. ಅಬೂ ತುರಾಬ್ ನಖ್‌ಶಬಿ ಎಂಬ ಸೂಫಿ ಇಮಾಮ್ ಅಹ್ಮದ್ ಬಿನ್ ಹಂಬಲ್(ರಹ್)ರಿಗೆ ವಿದ್ವಾಂಸರ ಗೀಬತ್ ಮಾಡಬೇಡಿ ಎಂದಾಗ ಅವರು, ಇದು ಗೀಬತ್ ಅಲ್ಲ, ಹಿತಚಿಂತನೆ ಎಂದು ಉತ್ತರಿಸಿದರು. ಯಹ್ಯಾ ಬಿನ್ ಸಈದ್ ಅಲ್ ಕತ್ತಾನ್ (ನಿಧನ ಹಿಜರಿ 198) ಎಂಬ ಬಸರಾದ ವಿದ್ವಾಂಸರನ್ನು, ನೀವು ತಿರಸ್ಕರಿಸಿದ ವರದಿಗಾರರು ನಾಳೆ ಅಲ್ಲಾಹನ ಮುಂದೆ ನಿಮ್ಮ ವಿರುದ್ಧ ನಿಲ್ಲುವರೆಂಬ ಭಯವಿಲ್ಲವೇ ಎಂದು ಕೇಳಲಾಯಿತು. ನನ್ನ ಹೆಸರಿನಲ್ಲಿ ಸುಳ್ಳು ಹರಡುವಾಗ ಏಕೆ ತಡೆಯಲಿಲ್ಲ ಎಂದು ಪ್ರವಾದಿ(ಸ)ರೇ ನನ್ನ ವಿರುದ್ಧ ನಿಲ್ಲುವುದಕ್ಕಿಂತ ಇವರು ನಿಲ್ಲುವುದೇ ಮೇಲು ಎಂಬುದು ಅವರ ಉತ್ತರವಾಗಿತ್ತು.

ಅಲೀ ಬಿನ್ ಮದೀನಿ (ನಿಧನ ಹಿಜರಿ 234) ಇಮಾಮ್ ಬುಖಾರಿಯವರ ಗುರು. ಅವರ ತಂದೆಯೂ ಹದೀಸ್ ವರದಿಗಾರರು. ತಂದೆಯ ಬಗ್ಗೆ ಜನ ಕೇಳಿದಾಗ ಬೇರೆಯವರನ್ನು ಕೇಳಿ ಎಂದರು. ಮತ್ತೆ ಕೇಳಿದರು. ತಲೆ ತಗ್ಗಿಸಿ, ಬಳಿಕ ಎತ್ತಿ, ಇದು ದೀನ್‌ನ ವಿಷಯ, ನನ್ನ ತಂದೆ ದುರ್ಬಲ ವರದಿಗಾರರು ಎಂದರು. ತನ್ನವರೆಂದು ಅಂಕ ಹೆಚ್ಚು ಹಾಕುವುದು ಕೂಡ ಅನ್ಯಾಯವೇ ಎಂಬುದು ಅವರಿಗೆ ತಿಳಿದಿತ್ತು. ಒಬ್ಬನಿಗೆ ಸಲ್ಲದ ಹೊಗಳಿಕೆ ಸಿಕ್ಕರೆ ಇನ್ನೊಬ್ಬನ ಹಕ್ಕು ಹೋಗುತ್ತದೆ.

ಇಷ್ಟಾದರೂ ಅವರಲ್ಲಿ ಭಯವಿತ್ತು. ಇಬ್ನ್ ಅಬೀ ಹಾತಿಮ್ ತಮ್ಮ ಗ್ರಂಥವನ್ನು ಓದಿ ಹೇಳುತ್ತಿದ್ದಾಗ ಯೂಸುಫ್ ಬಿನ್ ಹುಸೈನ್ ರಾಝಿ ಬಂದು, ನೀವು ಈಗ ಹೆಸರೆತ್ತುತ್ತಿರುವವರಲ್ಲಿ ಎಷ್ಟೋ ಮಂದಿ ನೂರು, ಇನ್ನೂರು ವರ್ಷಗಳ ಹಿಂದೆಯೇ ಸ್ವರ್ಗದಲ್ಲಿ ಬಿಡಾರ ಹೂಡಿರಬಹುದು ಎಂದರು. ಇಬ್ನ್ ಅಬೀ ಹಾತಿಮ್ ಅತ್ತುಬಿಟ್ಟರು. ಆದರೆ ಗ್ರಂಥವನ್ನು ಹರಿದು ಹಾಕಲಿಲ್ಲ. ಅಳುತ್ತಲೂ ಬರೆದರು, ಏಕೆಂದರೆ ಬರೆಯುವುದು ಅವರ ಹೊಣೆಯಾಗಿತ್ತು.

ಕಾರಣ ಕೇಳಿದಾಗ ಬಿದ್ದುಹೋದ ಮಾತುಗಳು

ಈ ವಿದ್ವಾಂಸರು ತಮ್ಮ ಕೈಗೆ ತಾವೇ ಕಟ್ಟಿಕೊಂಡ ಕಟ್ಟುಪಾಡುಗಳಿದ್ದವು. ಅದರಲ್ಲಿ ನಾಲ್ಕನ್ನು ಹೇಳುತ್ತೇನೆ.

ಒಂದು, ಕಾರಣ ಹೇಳಬೇಕು. ಒಬ್ಬನು ಅರ್ಹನೆಂದು ಹಲವರು ಹೇಳಿರುವಾಗ ಅವನು ಸರಿಯಿಲ್ಲ ಎಂದರೆ ಸಾಲದು, ಏಕೆ ಎಂದು ತೋರಿಸಬೇಕು. ಈ ನಿಯಮ ಏಕೆ ಬಂತೆಂಬುದಕ್ಕೆ ಖತೀಬ್ ಬಗ್ದಾದಿ (ನಿಧನ ಹಿಜರಿ 463) ಹಲವು ಪ್ರಸಂಗಗಳನ್ನು ಕೊಟ್ಟಿದ್ದಾರೆ. ಬಸರಾದ ದೊಡ್ಡ ವಿದ್ವಾಂಸ ಶುಅಬಾ (ನಿಧನ ಹಿಜರಿ 160) ಒಬ್ಬನ ಹದೀಸನ್ನು ಬಿಟ್ಟುಬಿಟ್ಟರು. ಕಾರಣ ಕೇಳಿದರೆ, ಅವನು ಕುದುರೆಯನ್ನು ಒದ್ದು ಓಡಿಸುವುದನ್ನು ನೋಡಿದೆ ಎಂದರಂತೆ. ಇನ್ನೊಮ್ಮೆ ಅದೇ ಶುಅಬಾ ಮಿನ್‌ಹಾಲ್ ಬಿನ್ ಅಮ್ರ್ ಎಂಬವರ ಮನೆಗೆ ಹೋದಾಗ ಒಳಗಿನಿಂದ ತಂಬೂರಿಯ ಸದ್ದು ಕೇಳಿಸಿತು. ಬಾಗಿಲಿನಿಂದಲೇ ಹಿಂದಿರುಗಿದರು. ಇದನ್ನು ಕೇಳಿದ ಅವರ ಶಿಷ್ಯ, ನೀವು ಅವರನ್ನೇ ಕೇಳಬಹುದಿತ್ತಲ್ಲ, ಅದು ಅವರಿಗೆ ಗೊತ್ತಿಲ್ಲದೆ ನಡೆದಿರಬಹುದಲ್ಲ ಎಂದರು. ಮಿನ್‌ಹಾಲ್‌ರ ವರದಿಯನ್ನು ಮುಂದೆ ಇಮಾಮ್ ಬುಖಾರಿಯವರೇ ತಮ್ಮ ಸಹೀಹ್‌ನಲ್ಲಿ ಸ್ವೀಕರಿಸಿದ್ದಾರೆ. ಕಾರಣ ಹೊರಬಂದುದರಿಂದಲೇ ಅದು ಸಾಲದ ಕಾರಣವೆಂದು ಜನರಿಗೆ ಗೊತ್ತಾಯಿತು.

ಎರಡು, ಯಾವ ಗುಣದ ಕೊರತೆ ಎಂದು ಬಿಡಿಸಿ ಹೇಳಬೇಕು. ಪ್ರಾಮಾಣಿಕತೆ ಬೇರೆ, ನೆನಪಿನ ಶಕ್ತಿ ಬೇರೆ. ಸತ್ಯವಂತ, ಆದರೆ ತಪ್ಪುತ್ತಾರೆ ಎಂಬಂತಹ ಮಾತುಗಳು ಇಬ್ನ್ ಹಜರ್ (ನಿಧನ ಹಿಜರಿ 852, ಕ್ರಿ.ಶ. 1449) ಬರೆದ ಗ್ರಂಥದಲ್ಲಿ ಮತ್ತೆ ಮತ್ತೆ ಬರುತ್ತವೆ. ಲೆಕ್ಕದಲ್ಲಿ ತಪ್ಪುವ ಗುಮಾಸ್ತನನ್ನು ಕಳ್ಳನೆಂಬಂತೆ ಬರೆಯುವುದು ಅಕ್ರಮ. ಅವನಿಗೆ ಲೆಕ್ಕ ಬರುವುದಿಲ್ಲ ಎಂದಷ್ಟೇ ಬರೆಯಬೇಕು.

ಮೂರು, ಕಾಲ ಹೇಳಬೇಕು. ಅತಾ ಬಿನ್ ಸಾಇಬ್ ಎಂಬ ವರದಿಗಾರರಿಗೆ ಮುಪ್ಪಿನಲ್ಲಿ ನೆನಪು ಕಲಸಿಹೋಯಿತು. ವಿದ್ವಾಂಸರು ಅವರನ್ನು ಒಟ್ಟಾಗಿ ತಳ್ಳಲಿಲ್ಲ. ಮೊದಲು ಅವರಿಂದ ಕೇಳಿದವರ ವರದಿ ಸರಿ, ನಂತರ ಕೇಳಿದವರದ್ದು ಸರಿಯಲ್ಲ ಎಂದು ವಿಂಗಡಿಸಿದರು.

ನಾಲ್ಕು, ಪೈಪೋಟಿಯಲ್ಲಿರುವವರು ಒಬ್ಬರ ಮೇಲೊಬ್ಬರು ಹೇಳಿದ್ದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬಾರದು. ಮದೀನದ ಇಮಾಮ್ ಮಾಲಿಕ್(ರಹ್) (ನಿಧನ ಹಿಜರಿ 179) ಮತ್ತು ಪ್ರವಾದಿ ಚರಿತ್ರೆ ಬರೆದ ಇಬ್ನ್ ಇಸ್‌ಹಾಕ್ ಇಬ್ಬರೂ ಒಂದೇ ಕಾಲದವರು. ಇಬ್ಬರ ನಡುವೆ ಕಟುಮಾತು ನಡೆಯಿತು. ಸಮುದಾಯ ಇಬ್ಬರನ್ನೂ ಬಿಡಲಿಲ್ಲ. ಇಮಾಮ್ ಮಾಲಿಕ್‌ರ ಮುವತ್ತಾವನ್ನೂ ಓದುತ್ತೇವೆ, ಪ್ರವಾದಿ ಚರಿತ್ರೆಗೆ ಇಬ್ನ್ ಇಸ್‌ಹಾಕ್‌ರನ್ನೂ ಆಶ್ರಯಿಸುತ್ತೇವೆ. ಒಂದೇ ಪ್ರಮೋಶನ್‌ಗೆ ಕಾದಿರುವ ಇಬ್ಬರಲ್ಲಿ ಒಬ್ಬನನ್ನು ಕರೆದು ಇನ್ನೊಬ್ಬನ ಬಗ್ಗೆ ಕೇಳುವ ಮ್ಯಾನೇಜರ್‌ಗಳು ಇದನ್ನು ಗಮನಿಸಲಿ.

ಮಾತಿನ ಹದವನ್ನೂ ಅವರು ಕಾಯ್ದುಕೊಂಡಿದ್ದರು. ಇಮಾಮ್ ಬುಖಾರಿ (ನಿಧನ ಹಿಜರಿ 256, ಕ್ರಿ.ಶ. 870) ಬಹಳ ದುರ್ಬಲನಾದ ವರದಿಗಾರನ ಬಗ್ಗೆಯೂ ಅವನ ವಿಷಯದಲ್ಲಿ ಪರಿಶೀಲನೆ ಬೇಕು ಎನ್ನುವಷ್ಟಕ್ಕೇ ಸಾಮಾನ್ಯವಾಗಿ ನಿಲ್ಲುತ್ತಿದ್ದರು. ಶಾಸ್ತ್ರ ಬಲ್ಲವರಿಗೆ ಅಷ್ಟು ಸಾಕಿತ್ತು. ಗೀಬತ್‌ನ ವಿಷಯದಲ್ಲಿ ಅಲ್ಲಾಹನು ತನ್ನಿಂದ ಲೆಕ್ಕ ಕೇಳಲಾರನೆಂಬ ಆಸೆ ತನಗಿದೆ ಎಂದು ಅವರು ಹೇಳಿಕೊಂಡದ್ದು ಪ್ರಸಿದ್ಧವಾಗಿದೆ.

ನಮ್ಮ ದೇಶದ ಕಾನೂನು

ನಾವು ಬದುಕುವ ನಾಡಿನ ಕಾನೂನು ಏನು ಹೇಳುತ್ತದೆ ಎಂಬುದೂ ತಿಳಿದಿರಬೇಕು. 1860ರ ಭಾರತೀಯ ದಂಡ ಸಂಹಿತೆಯ 499ನೇ ಕಲಮು ಮಾನಹಾನಿಯನ್ನು ಅಪರಾಧವೆಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356ನೇ ಕಲಮು. ಅಲ್ಲೂ ನಿಜ ಎಂಬುದೊಂದೇ ರಕ್ಷಣೆಯಲ್ಲ, ಆ ನಿಜವನ್ನು ಹೇಳುವುದರಲ್ಲಿ ಸಾರ್ವಜನಿಕ ಹಿತವೂ ಇರಬೇಕು. ಇದರ ಜೊತೆಗೆ ಕೆಲವು ವಿನಾಯಿತಿಗಳಿವೆ. ತನ್ನ ಅಧಿಕಾರದ ಕೆಳಗಿನವನ ನಡತೆಯನ್ನು ಸದ್ಭಾವನೆಯಿಂದ ಖಂಡಿಸುವುದು, ಕ್ರಮ ಕೈಗೊಳ್ಳುವ ಅಧಿಕಾರವಿದ್ದವನಿಗೆ ಸದ್ಭಾವನೆಯಿಂದ ದೂರು ಕೊಡುವುದು, ತನ್ನ ಅಥವಾ ಇತರರ ಹಿತ ಕಾಯಲು ಸದ್ಭಾವನೆಯಿಂದ ಎಚ್ಚರಿಸುವುದು ಮಾನಹಾನಿಯಲ್ಲ. ಸದ್ಭಾವನೆ ಎಂದರೆ ಮನಸ್ಸು ಒಳ್ಳೆಯದಿತ್ತು ಎಂದಷ್ಟೇ ಅಲ್ಲ. ತಕ್ಕ ಎಚ್ಚರ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆಯಲ್ಲ ಎಂದು ಕಾನೂನೇ ಹೇಳಿದೆ. ನವವಿ(ರಹ್)ಯವರ ಆರು ಸಂದರ್ಭಗಳನ್ನು ಓದಿದವರಿಗೆ ಇದು ಹೊಸದೆನಿಸದು.

ಇನ್ನೊಂದು ಸಂಗತಿ 2008ರದು. ಗಡಿ ರಸ್ತೆಗಳ ಇಲಾಖೆಯ ಎಂಜಿನಿಯರ್ ದೇವ್ ದತ್ ಎಂಬವರಿಗೆ 1993-94ರ ವಾರ್ಷಿಕ ಗುಪ್ತ ವರದಿಯಲ್ಲಿ “ಉತ್ತಮ” ಎಂದು ಬರೆಯಲಾಗಿತ್ತು. ಕೇಳಲು ಚೆನ್ನಾಗಿದೆ. ಆದರೆ ಬಡ್ತಿಗೆ “ಅತ್ಯುತ್ತಮ” ಬೇಕಿತ್ತು. ಆ ಒಂದು ಶಬ್ದದಿಂದ ಬಡ್ತಿ ತಪ್ಪಿತು, ಬರೆದದ್ದು ಅವರಿಗೆ ತಿಳಿದಿರಲೂ ಇಲ್ಲ. 2008ರ ಮೇ 12ರಂದು ಸುಪ್ರೀಂ ಕೋರ್ಟ್, ಸರ್ಕಾರಿ ನೌಕರನ ವಾರ್ಷಿಕ ವರದಿಯಲ್ಲಿ ಬರೆದ ಪ್ರತಿಯೊಂದು ದರ್ಜೆಯನ್ನೂ, ಅದು ಒಳ್ಳೆಯದಿರಲಿ ಕೆಟ್ಟದಿರಲಿ, ಅವನಿಗೆ ತಿಳಿಸಬೇಕು, ಅದರ ವಿರುದ್ಧ ಮನವಿ ಮಾಡಲು ಅವಕಾಶ ಕೊಡಬೇಕು ಎಂದು ತೀರ್ಪು ಕೊಟ್ಟಿತು. ದೂರು ಬಂದಾಗ ಉಮರ್(ರ) ಮೊದಲು ಮಾಡಿದ್ದು ಇದನ್ನೇ. ಸಅದ್‌ರನ್ನು ಕರೆದು, ನಿಮ್ಮ ಮೇಲೆ ಇಂಥ ಮಾತು ಬಂದಿದೆ ಎಂದು ತಿಳಿಸಿದರು.

ನನ್ನ ಒಂದು ಮಾತು

ಇಷ್ಟೆಲ್ಲ ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ವ್ಯಾಪಾರಿಯೊಬ್ಬರು ಫೋನ್ ಮಾಡಿ, ನಿಮ್ಮ ಮಹಲ್ಲಾದ ಇಂಥ ಹುಡುಗನನ್ನು ಅಂಗಡಿಯ ಗಲ್ಲಾದಲ್ಲಿ ಕೂರಿಸಬಹುದೇ ಎಂದು ಕೇಳಿದರು. ನಾನು ಅರೆಕ್ಷಣ ಸುಮ್ಮನಿದ್ದು, “ಅವನು ಅಷ್ಟಕ್ಕಷ್ಟೇ” ಎಂದೆ. ಅವನು ನಮಾಝಿಗೆ ಸರಿಯಾಗಿ ಬರುತ್ತಿರಲಿಲ್ಲ ಎಂಬುದು ಬಿಟ್ಟರೆ ನನ್ನಲ್ಲಿ ಬೇರೆ ಕಾರಣವಿರಲಿಲ್ಲ. ಅವನ ಜೊತೆ ನಾನು ಹಣದ ವ್ಯವಹಾರ ಮಾಡಿರಲಿಲ್ಲ, ಪ್ರಯಾಣ ಮಾಡಿರಲಿಲ್ಲ, ಅವನ ನೆರೆಯಲ್ಲಿ ವಾಸವಿರಲಿಲ್ಲ. ಒಬ್ಬನನ್ನು ನಾನು ಬಲ್ಲೆ ಎಂದವನಿಗೆ ಉಮರ್(ರ) ಕೇಳಿದರೆಂದು ವರದಿಯಾಗಿರುವ ಮೂರು ಪ್ರಶ್ನೆಗಳು ಇವೇ. ಮೂರಕ್ಕೂ ಇಲ್ಲ ಎಂದಾಗ, ಹಾಗಾದರೆ ನೀನು ಅವನನ್ನು ಬಲ್ಲವನಲ್ಲ, ಮಸೀದಿಯಲ್ಲಿ ತಲೆ ಬಾಗಿಸಿ ಎತ್ತುವುದನ್ನು ನೋಡಿರಬೇಕಷ್ಟೇ ಎಂದರಂತೆ. ನಾನು ಆ ಹುಡುಗನನ್ನು ಮಸೀದಿಯಲ್ಲಿ ನೋಡದಿದ್ದುದಕ್ಕೇ ತೀರ್ಪು ಕೊಟ್ಟಿದ್ದೆ. ಅವನಿಗೆ ಆ ಕೆಲಸ ಸಿಗಲಿಲ್ಲ. ಆ ದಿನಗಳಲ್ಲಿ ಅವನು ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಿದ್ದ ಎಂದು ಬಳಿಕ ತಿಳಿಯಿತು. ವ್ಯಾಪಾರಿಗೆ ಫೋನ್ ಮಾಡಿ ನನ್ನ ಮಾತನ್ನು ಹಿಂತೆಗೆದುಕೊಂಡೆ, ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವನು ಕ್ಷಮಿಸಿದ. ಕೆಲಸ ಮಾತ್ರ ಅಷ್ಟರಲ್ಲಿ ಬೇರೆಯವನಿಗೆ ಹೋಗಿತ್ತು.

“ಅಷ್ಟಕ್ಕಷ್ಟೇ” ಎಂಬ ಮಾತು ಕಾನೂನಿನ ಕಣ್ಣಿಗೆ ಬಹುಶಃ ಏನೂ ಅಲ್ಲ. ಅದರಲ್ಲಿ ಆರೋಪವಿಲ್ಲ, ಸುಳ್ಳಿಲ್ಲ. ಆದರೆ ಇಮಾಮರ ಬಾಯಿಂದ ಬಂದ ಕಾರಣ ಅದಕ್ಕೆ ತೂಕ ಬಂತು. ಯಾರ ಮಾತಿಗೆ ತೂಕ ಹೆಚ್ಚೋ ಅವರು ಹೆಚ್ಚು ತೂಗಿ ಮಾತನಾಡಬೇಕು. ಮೇಲಧಿಕಾರಿ, ಹೆಡ್‌ಮಾಸ್ಟರ್, ಮಸೀದಿಯ ಮುತವಲ್ಲಿ, ಇವರೆಲ್ಲರೂ ಇದರಲ್ಲಿ ಸೇರುತ್ತಾರೆ.

ಆ ಯುವಕನನ್ನು ಮತ್ತೆ ಕಂಡಾಗ ಹೀಗೆ ಹೇಳಿದೆ: ಬರೆಯುವುದು ನಿನ್ನ ಹೊಣೆ, ಬರೆ. ನೀನು ಕಣ್ಣಾರೆ ಕಂಡದ್ದನ್ನು, ದಾಖಲೆಯಲ್ಲಿ ಇರುವುದನ್ನು ಬರೆ. ಕೆಲಸಕ್ಕೆ ಸಂಬಂಧಿಸಿದ್ದನ್ನಷ್ಟೇ ಬರೆ, ಅವಳ ಮನೆ, ಮದುವೆ, ಊಟ, ಉಡುಪು ನಿನ್ನ ವಿಷಯವಲ್ಲ. ನಿನ್ನ ಅಭಿಪ್ರಾಯವಾದರೆ ನನ್ನ ಅಭಿಪ್ರಾಯ ಎಂದು ಹೇಳಿ ಆಧಾರ ಕೊಡು. ತಲುಪಬೇಕಾದವರಿಗೆ ಮಾತ್ರ ತಲುಪಿಸು, ಕ್ಯಾಂಟೀನಿನಲ್ಲಿ ಹೇಳಿದರೆ ಅದೇ ಮಾತು ಗೀಬತ್ ಆಗುತ್ತದೆ. ಬರೆಯುವ ಮೊದಲು ಅವಳನ್ನು ಕರೆದು ಕೇಳು.

ಅವನು ಕೇಳಿದನಂತೆ. ಅವಳು ಬರುವ ಬಸ್ಸಿನ ಸಮಯ ಬದಲಾಗಿತ್ತು. ಮುಂದಿನ ಬಸ್ಸಿಗೆ ಬಂದರೆ ಇಪ್ಪತ್ತು ನಿಮಿಷ ತಡ. ಅವನು ತಡವನ್ನೂ ಬರೆದ, ಕಾರಣವನ್ನೂ ಬರೆದ, ಅವಳ ಕೈಯಿಂದ ದಿನಕ್ಕೆ ಮುಗಿಯುವ ಪೀಸ್‌ಗಳ ಲೆಕ್ಕವನ್ನೂ ಬರೆದ. ಮುಂದಿನ ತೀರ್ಮಾನ ಮೇಲಿನವರದು. ಅವನ ಕರ್ತವ್ಯ ಮುಗಿಯಿತು.

ನಮ್ಮ ನಾಲಿಗೆ ಮತ್ತು ಲೇಖನಿಯಿಂದ ಯಾರ ಅನ್ನಕ್ಕೂ ಅನ್ಯಾಯವಾಗದಂತೆ ಅಲ್ಲಾಹನು ಕಾಪಾಡಲಿ. ಹೇಳಲೇಬೇಕಾದ ಸತ್ಯವನ್ನು ಹೇಳುವ ಧೈರ್ಯವನ್ನೂ, ಹೇಳಬಾರದ್ದನ್ನು ನುಂಗಿಕೊಳ್ಳುವ ಸಹನೆಯನ್ನೂ ಕರುಣಿಸಲಿ. ನಮ್ಮ ಮಾತಿನಿಂದ ನೊಂದವರ ಬಳಿ ಹೋಗಿ ಕ್ಷಮೆ ಕೇಳುವ ಸೌಭಾಗ್ಯವನ್ನು ಈ ಜೀವನದಲ್ಲೇ ಕೊಡಲಿ. ಆಮೀನ್.